ಕರಿ ಬೂದಿಯ ಮನೆ

ಶೀಲಾವತಿಯ ಕೆಮ್ಮು ಬೂದಿಯ ಕೆಮ್ಮು. ಒಂದು ವರ್ಷದಿಂದ ಆಲೆಟ್ಟಿಯ ಗಿರಿಧರನ ಶೆಡ್ಡಿನಲ್ಲಿ ಅಡಿಕೆ ಸಿಪ್ಪೆ ಸುಟ್ಟು, ಬೂದಿ ಜರಡಿ ಹಿಡಿಯುವುದೇ ಅವಳ ಕೆಲಸ. ಮೂಗಿಗೆ ಕಟ್ಟಲು ಕೊಟ್ಟದ್ದು ಮೈ ಒರೆಸುವ ಒಂದು ಹರಕು ಬೈರಾಸು. ಸಿಮೆಂಟು ಕಡಿಮೆ ಮಾಡಿ ಈ ಬೂದಿ ಬೆರೆಸಿದರೆ, ಮಿಷನ್ನು ಚಕ್ಕುಲಿ ಒತ್ತಿದ ಹಾಗೆ ಕಾಂಕ್ರೀಟು ಒತ್ತಿ ಗೋಡೆ ಎಬ್ಬಿಸುತ್ತದೆ. ಆ ಮಿಷನ್ನು ಇಡುವ ಜಾಗಕ್ಕೆಂದು ಶೀಲಾವತಿಯ ಗುಡಿಸಲನ್ನೇ ಕೆಡವಿದ್ದರು. "ಮೊದಲನೇ ಮನೆ ನಿನಗೇ" ಎಂದಿದ್ದ ಗಿರಿಧರ. ಅಂದಿನಿಂದ ಅವಳೂ ಮಗಳು ಭವಿತಾಳೂ ಟಾರ್ಪಾಲಿನಡಿ.

ಬೂದಿಯ ಗುಟ್ಟು ಹೇಳಿಕೊಟ್ಟವಳು ಅವಳೇ. ಬಚ್ಚಲ ಒಲೆಯ ಬೂದಿಯಲ್ಲಿ ಪಾತ್ರೆ ತಿಕ್ಕಿದ ಕೈಗೆ ಗೊತ್ತಿರುವುದಿಲ್ಲವೇ? ಬೆಂಕಿ ತಾನಾಗಿ ಆರಬೇಕು, ಬೂದಿ ಬೆಳ್ಳಗಾಗಬೇಕು. ನೀರು ಹೊಯ್ದರೆ ಒಳಗೆಲ್ಲ ಕರಿಯೇ, ಗೋಡೆ ಗಟ್ಟಿ ನಿಲ್ಲುವುದಿಲ್ಲ. ಗಿರಿಧರನ ಇಂಜಿನಿಯರ್ ಕೀರ್ತನ್ ಅದನ್ನೇ ಇಂಗ್ಲಿಷಿನಲ್ಲಿ ಬರೆದು ಬಹುಮಾನ ಹೊಡೆದ. ಹೊಡೆಯಲಿ, ಹಾಳಾಗಿ ಹೋಗಲಿ.

ಮೊದಲನೇ ಮನೆಯ ಉದ್ಘಾಟನೆಯ ದಿನ ಹತ್ತಿರ ಬಂತು. ಬೂದಿ ಸಾಲಲಿಲ್ಲ. ಗಿರಿಧರ ಉರಿಯುವ ರಾಶಿಗೇ ನೀರಿನ ಪೈಪು ಹಿಡಿದ.

"ಬೇಡ ಧಣಿ! ಇದು ಗೋಡೆಗೆ ಆಗುದಿಲ್ಲ. ಪೂರಾ ಕರಿ ಉಂಟು."

"ನೀನೆಂತ ಇಂಜಿನಿಯರಾ? ಜರಡಿ ಹಿಡಿಯುದು ನಿನ್ನ ಕೆಲಸ. ಅಷ್ಟು ಮಾಡು."

ಕೀರ್ತನ್ ಬೂದಿ ನೋಡಿದ, ಧಣಿಯ ಮುಖ ನೋಡಿದ, ಬಾಯಿ ಮುಚ್ಚಿಕೊಂಡ. ಥೂ, ಇವನ ಓದಿಗಿಷ್ಟು!

ಎರಡೇ ವಾರದಲ್ಲಿ ಮನೆ ಎದ್ದಿತು. ಉದ್ಘಾಟನೆಗೆ ದೊಡ್ಡವರೆಲ್ಲ ಬಂದರು. ಗಿರಿಧರ ಶೀಲಾವತಿಯ ಕೈಗೆ ಬೀಗದ ಕೈ ಕೊಟ್ಟು, "ನಗು ಮಾರಾಯ್ತಿ, ಫೋಟೋ ಉಂಟು" ಎಂದ.

ಅವಳು ನಗಲಿಲ್ಲ. ಅದೇ ಬೀಗದ ಕೈಯಿಂದ ಗೋಡೆ ಗೀರಿದಳು. ಕರಿ ಪುಡಿ ಬೊಗಸೆ ತುಂಬ ಉದುರಿತು.

"ಇದರೊಳಗೆ ನನ್ನ ಮಗಳು ಮಲಗುದಾ?"

ಗಿರಿಧರ ಕೆಂಡವಾದ. "ಇವಳೇ ಜರಡಿ ಸರಿ ಹಿಡಿಯಲಿಲ್ಲ. ಎಲ್ಲ ಇವಳದ್ದೇ ತಪ್ಪು!"

ಜೊತೆಗೆ ಜರಡಿ ಹಿಡಿಯುತ್ತಿದ್ದ ಪಾತು ಮೂಗಿನ ಬೈರಾಸು ಕಿತ್ತೆಸೆದಳು. "ಪೈಪು ಹಿಡಿದದ್ದು ಯಾರು? ನಾವೆಲ್ಲ ನೋಡಿದ್ದೇವೆ ಮಾರಾಯ್ರೆ!"

ಶೀಲಾವತಿ ಬೀಗದ ಕೈಯನ್ನೂ ಕರಿ ಪುಡಿಯನ್ನೂ ಗಿರಿಧರನ ಬಿಳಿ ಅಂಗಿಯ ಕಿಸೆಗೆ ತುಂಬಿದಳು. ಹಳೇ ಗುಡಿಸಲಿನ ಹೊಸ್ತಿಲು ಇದ್ದಲ್ಲೇ ಹೋಗಿ ಚಕ್ಕಳಮಕ್ಕಳ ಹಾಕಿ ಕೂತಳು. ಪಕ್ಕದಲ್ಲಿ ಪಾತು ಕೂತಳು. ಶೆಡ್ಡಿನ ಹೆಂಗಸರೆಲ್ಲ ಬಂದು ಕೂತರು.

"ಈ ಮಳೆಗಾಲ ಅದರಲ್ಲಿ ನೀವು ಮಲಗಿ ಧಣಿ," ಎಂದಳು ಶೀಲಾವತಿ. "ಜೀವ ಉಳಿಸಿಕೊಂಡು ಹೊರಗೆ ಬಂದರೆ ಮಾತಾಡುವ. ಅಲ್ಲಿವರೆಗೆ ನಾವು ಇಲ್ಲಿಂದ ಏಳುದಿಲ್ಲ."