ಗಂಟಿನ ಕೆಳಗೆ

ನಾನು ಕೆಲಸ ಮಾಡುವ ನರ್ಸರಿಯ ಗೇಟಿನ ಪಕ್ಕ, ತಗಡಿನ ಮಾಡಿನ ಕೆಳಗೆ ನನ್ನದೊಂದು ಮೇಜಿದೆ. ಗಿಡ ಕೊಂಡವರು, ಅದಕ್ಕೇನಾದರೂ ಆದರೆ, ಎಲೆಯನ್ನೋ ಕಡ್ಡಿಯನ್ನೋ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿಕೊಂಡು ಅಲ್ಲಿಗೆ ಬರುತ್ತಾರೆ. ಕೆಲಸದವರೆಲ್ಲ ನನ್ನನ್ನು ಡಾಕ್ಟರಮ್ಮ ಅಂತ ಕರೆಯುತ್ತಾರೆ. ಅದರಲ್ಲಿ ಅರ್ಧ ಮರ್ಯಾದೆ, ಅರ್ಧ ಗೇಲಿ.

ಯಾರೇ ಬರಲಿ, ನನ್ನ ಮೊದಲ ಪ್ರಶ್ನೆ ಒಂದೇ. ನೀರು ಹಾಕೋರು ಯಾರು? ರೋಗ, ಹುಳ, ಗೊಬ್ಬರ ಎಲ್ಲ ಆಮೇಲೆ. ಹತ್ತು ಗಿಡ ಸತ್ತರೆ ಅದರಲ್ಲಿ ಆರು ಸಾಯುವುದು ನೀರು ಹೆಚ್ಚಾಗಿ. ಎಲೆ ಹಳದಿಯಾಯಿತು, ನೀರು ಹಾಕು. ಎಲೆ ಉದುರಿತು, ಇನ್ನೊಂದು ಚೊಂಬು ಹಾಕು. ಏನು ಮಾಡಬೇಕೆಂದು ತೋಚದಿದ್ದರೆ ಜನ ನೀರು ಹಾಕುತ್ತಾರೆ. ಅತಿಯಾದರೆ ಅಮೃತವೂ ವಿಷ ಅಂತ ಹೇಳಿ ಹೇಳಿ ನನ್ನ ಬಾಯಿ ಸವೆದಿದೆ.

ಒಂಬತ್ತು ತಿಂಗಳ ಹಿಂದೆ ನನ್ನ ತಮ್ಮ ತೀರಿಕೊಂಡ. ಬೆಳಿಗ್ಗೆ ಕೆಲಸಕ್ಕೆ ಹೊರಟವನಿಗೆ ಲಾರಿ ಬಡಿಯಿತು. ಮೂವತ್ತೊಂದು ವರ್ಷ. ನಾನು ಅಳಲಿಲ್ಲ. ಆವತ್ತೂ ಇಲ್ಲ, ಆಮೇಲೂ ಇಲ್ಲ. ಗಟ್ಟಿಗಿತ್ತಿ ಅಂತ ನೆಂಟರು ಹೊಗಳಿದರು. ಗಟ್ಟಿತನ ಎಲ್ಲಿಂದ ಬಂತು, ತಡೆದುಕೊಳ್ಳಲು ಒಳಗಿಂದ ಏನಾದರೂ ಬರಬೇಕಲ್ಲ? ಹಲ್ಲು ಕೀಳಿಸಿಕೊಂಡು ಬಂದ ದಿನ ತುಟಿ ಮುಟ್ಟಿಕೊಂಡರೆ ಯಾರದೋ ತುಟಿ ಮುಟ್ಟಿದ ಹಾಗಿರುತ್ತದೆ. ಒಂಬತ್ತು ತಿಂಗಳಿಂದ ನಾನು ಪೂರ್ತಿ ಹಾಗೇ ಇದ್ದೆ. ಮೂರನೇ ದಿನಕ್ಕೆ ಮೇಜಿಗೆ ಬಂದು ಕೂತಿದ್ದೆ, ಹೇನು ಹತ್ತಿದ ದಾಸವಾಳದ ಎಲೆ ಮಗುಚಿ ನೋಡಿದ್ದೆ.

ಹೋದ ತಿಂಗಳು ಒಬ್ಬರು ಬಂದರು, ರಿಟೈರಾದ ಟೀಚರ್. ಅವರ ಗುಲಾಬಿ ಆಳೆತ್ತರ ಬೆಳೆದಿದೆಯಂತೆ, ಎಲೆ ದಟ್ಟವಾಗಿದೆಯಂತೆ, ಎರಡು ವರ್ಷದಿಂದ ಒಂದು ಹೂವೂ ಬಿಟ್ಟಿಲ್ಲವಂತೆ. ಯಾವ ಗೊಬ್ಬರ ಹಾಕಲಿ ಅಂತ ಕೇಳಿದರು. ಚೀಲದಿಂದ ಕಡ್ಡಿ ತೆಗೆದು ನೋಡಿದೆ. ನೋಡುವುದಕ್ಕೇನೂ ಇರಲಿಲ್ಲ. ಕಸಿ ಗಿಡ ಅಂದರೆ ಎರಡು ಗಿಡ. ಬೇರು ಕಾಡಿನದು, ಗಟ್ಟಿ. ಮೇಲಿನದು ಹೂವು ಹಣ್ಣು ಕೊಡುವ ಒಳ್ಳೆಯ ಜಾತಿ. ಎರಡನ್ನೂ ಕೂಡಿಸಿ ಕಟ್ಟಿದ ಕಡೆ ಗಂಟಾಗುತ್ತದೆ. ಗಂಟಿನ ಕೆಳಗೆ ಚಿಗುರು ಬಂದರೆ ಅದು ಕಾಡಿನದು, ಅದನ್ನು ಚಿವುಟಬೇಕು. ಬಿಟ್ಟರೆ ಮೇಲಿನದು ಸೊರಗಿ ಸಾಯುತ್ತದೆ, ಕಾಡು ಸೊಂಪಾಗಿ ಬೆಳೆಯುತ್ತದೆ. ಅದಕ್ಕೇ ನನ್ನ ಹಿಂದಿನ ಹಲಗೆಯಲ್ಲಿ ದಪ್ಪ ಅಕ್ಷರದಲ್ಲಿ ಬರೆಸಿದ್ದೇನೆ, ಗಂಟನ್ನು ಮಣ್ಣಲ್ಲಿ ಹೂಳಬೇಡಿ ಅಂತ. ಗಂಟು ಕಣ್ಣಿಗೆ ಕಾಣುತ್ತಿದ್ದರೆ ಚಿಗುರು ಎಲ್ಲಿಂದ ಬಂತು ಅಂತ ಗೊತ್ತಾಗುತ್ತದೆ.

"ನೀವು ಕೊಂಡ ಗುಲಾಬಿ ಸತ್ತು ಎರಡು ವರ್ಷ ಆಗಿದೆ. ನೀವು ಸಾಕ್ತಿರೋದು ಬೇರೆ ಗಿಡ," ಎಂದೆ.

"ಹಸಿರಾಗಿದೆಯಲ್ಲಮ್ಮ," ಎಂದರು ಅವರು.

ಹಸಿರಾಗಿದ್ದರೆ ಏನಂತೆ, ಕಿತ್ತು ಹಾಕಿ ಎಂದೆ. ಅದು ಅವರ ಯಜಮಾನರು ಕೊನೆಯ ಸಲ ತಂದುಕೊಟ್ಟ ಗಿಡವಂತೆ. ಆ ಕಡ್ಡಿಯನ್ನು ಮತ್ತೆ ಚೀಲದೊಳಗೆ ಇಡುತ್ತಾ ಅವರು ಅತ್ತರು. ನಾನು ಮುಂದಿನವರನ್ನು ಕರೆದೆ. ಸಂಜೆ ನರ್ಸರಿಯ ಮಾಲೀಕರು ನನ್ನನ್ನು ಒಳಗೆ ಕರೆಸಿ ಟೀ ಕೊಟ್ಟರು. ನಿಜ ಹೇಳೋದು ಬೇರೆ, ಮುಖಕ್ಕೆ ಎಸೆಯೋದು ಬೇರೆ ಡಾಕ್ಟರಮ್ಮ ಎಂದರು. ಒಂದು ವಾರ ಮನೆಯಲ್ಲಿದ್ದು ಬನ್ನಿ ಅಂತ ಕಳಿಸಿದರು. ನನಗೆ ಅವಮಾನವೂ ಆಗಲಿಲ್ಲ, ಬೇಜಾರೂ ಆಗಲಿಲ್ಲ. ಟೀ ಕುಡಿದು ಮನೆಗೆ ಬಂದೆ.

ಮನೆಯಲ್ಲಿ ಅಪ್ಪ, ಅಮ್ಮ, ನಾನು. ಹಿತ್ತಲಲ್ಲಿ, ಹಳೇ ಡ್ರಮ್ಮೊಂದರಲ್ಲಿ, ತಮ್ಮನ ಕಿತ್ತಳೆ ಗಿಡ.

ಅದನ್ನು ಕಸಿ ಕಟ್ಟಿದವನು ಅವನೇ. ಕಲಿಸಿದವಳು ನಾನು. ಕಾಡುನಿಂಬೆಯ ಸಸಿಗೆ ಕಿತ್ತಳೆಯ ಕಣ್ಣು, ಅಂದರೆ ಚಿಗುರೊಡೆಯುವ ಮೊಗ್ಗು, ಕೂರಿಸುವುದು ಅವನ ಆಸೆ. ಆರು ಸಲ ಕಟ್ಟಿದ, ಆರೂ ಒಣಗಿದವು. ನಿನ್ನ ಕೈಗೆ ಕಲ್ಲು ಕೊಟ್ಟರೂ ಸಾಯುತ್ತೆ ಅಂತ ನಾನು ರೇಗಿಸುತ್ತಿದ್ದೆ. ಏಳನೆಯದು ಹಿಡಿಯಿತು. ಅಮ್ಮ ಅಕ್ಕಿ ತೊಳೆದ ನೀರನ್ನೆಲ್ಲ ಅದಕ್ಕೆ ಸುರಿಯುತ್ತಿದ್ದಳು ಅಂತ ಅವನು ಡ್ರಮ್ಮಿನ ಮೇಲೆ ಬಿಳಿ ಬಣ್ಣದಲ್ಲಿ ಬರೆದಿದ್ದ: ನೀರು ನಾನೇ ಹಾಕ್ತೀನಿ. ಯಾರೂ ಹಾಕಬೇಡಿ.

ಆ ಗಿಡ ಎರಡು ತಿಂಗಳಿಂದ ಎಲೆ ಉದುರಿಸುತ್ತಿತ್ತು. ದೀಪದ ಬುಡ ಕತ್ತಲೆ ಅಂತ ಸುಮ್ಮನೆ ಹೇಳುವುದಿಲ್ಲ. ನಾನು ದಿನಾ ಬೆಳಿಗ್ಗೆ ಆರಕ್ಕೆ, ಯಾರೂ ಏಳುವ ಮುಂಚೆ, ಅದಕ್ಕೊಂದು ಮಗ್ ನೀರು ಹಾಕುತ್ತಿದ್ದೆ. ಮಣ್ಣು ಯಾವಾಗಲೂ ಒದ್ದೆ ಇರುತ್ತಿತ್ತು. ಡ್ರಮ್ಮಿನ ತಳದ ತೂತು ಕಟ್ಟಿಕೊಂಡಿರಬೇಕು ಅಂತ ತಂತಿ ಹಾಕಿ ಚುಚ್ಚಿದೆ. ಕಟ್ಟಿಕೊಂಡಿರಲಿಲ್ಲ. ಆದರೂ ಮಾರನೆಯ ದಿನ ಮಣ್ಣು ಕೆಸರು. ಆದರೂ ನೀರು ಹಾಕಿದೆ. ಮೇಜಿಗೆ ಬಂದವರು ಹೀಗೆ ಮಾಡಿದ್ದರೆ ಉಗಿದು ಕಳಿಸುತ್ತಿದ್ದೆ. ಮನೆಯಲ್ಲಿ ಯಾರನ್ನಾದರೂ ಕೇಳಬಹುದಿತ್ತು. ಆದರೆ ಒಂಬತ್ತು ತಿಂಗಳಿಂದ ನಮ್ಮ ಮನೆಯಲ್ಲಿ ಯಾರೂ ಯಾರನ್ನೂ ಏನೂ ಕೇಳುತ್ತಿರಲಿಲ್ಲ. ಊಟ ಆಯ್ತಾ, ಆಯ್ತು. ಬಾಗಿಲು ಹಾಕಿದ್ಯಾ, ಹಾಕಿದೆ. ಅವನ ಕೋಣೆಯ ಬಾಗಿಲು ಮುಚ್ಚಿಯೇ ಇತ್ತು.

ರಜೆಯ ಮೊದಲ ದಿನ ಮಧ್ಯಾಹ್ನ ಹಿಂದಿನ ಕೋಣೆಯಲ್ಲಿ ಮಲಗಿದ್ದೆ. ಕಿಟಕಿಯಿಂದ ಹಿತ್ತಲು ಕಾಣುತ್ತದೆ. ಅಮ್ಮ ಸ್ಟೀಲ್ ಲೋಟ ಹಿಡಿದು ಬಂದಳು. ಆ ಕಡೆ ಈ ಕಡೆ ನೋಡಿದಳು. ಗಿಡಕ್ಕೆ ನೀರು ಸುರಿದು, ಡ್ರಮ್ಮಿನ ಅಂಚಿನ ಮೇಲೆ ಕೈಯಿಟ್ಟು ಸ್ವಲ್ಪ ಹೊತ್ತು ನಿಂತಳು. ಮತ್ತೆ ಒಳಗೆ ಹೋಗಿ ಎರಡನೇ ಲೋಟ ತಂದಳು.

ಸಂಜೆ ಐದಕ್ಕೆ ಅಪ್ಪ ಬಂದರು. ಅವರ ಕೈಯಲ್ಲಿ ಹಳೇ ಎಣ್ಣೆಯ ಕ್ಯಾನು, ಮುಚ್ಚಳಕ್ಕೆ ಮೊಳೆಯಲ್ಲಿ ತೂತು ಮಾಡಿದ್ದರು. ಅವರೂ ಸುತ್ತ ನೋಡಿದರು. ಕಣ್ಣು ಮುಚ್ಚಿ ಹಾಲು ಕುಡಿಯುವ ಬೆಕ್ಕು ಅಂತಾರಲ್ಲ, ನಮ್ಮ ಮನೆಯಲ್ಲಿ ಅಂಥವು ಮೂರಿದ್ದವು. ಕ್ಯಾನು ಖಾಲಿಯಾಗುವವರೆಗೂ ಅಪ್ಪ ಸುತ್ತಲೂ ನೀರು ಚಿಮುಕಿಸಿದರು.

ಊಟಕ್ಕೆ ಕೂತಾಗ ಕೇಳಿದೆ. ಅಷ್ಟು ವರ್ಷ ಕೇಳಿದ ಪ್ರಶ್ನೆಯನ್ನು ಮನೆಯಲ್ಲಿ ಕೇಳಿದ್ದು ಅದೇ ಮೊದಲು.

"ಹಿಂದಿನ ಗಿಡಕ್ಕೆ ನೀರು ಹಾಕೋರು ಯಾರು?"

ಇಬ್ಬರೂ ತಟ್ಟೆ ನೋಡಿದರು.

"ನಾನೂ ಹಾಕ್ತೀನಿ, ಬೆಳಿಗ್ಗೆ," ಎಂದೆ. "ಮೂರು ಜನ ಹಾಕ್ತಿದ್ದೀವಿ. ಅದು ಕೊಳೀತಿದೆ."

ಅಮ್ಮ ಅಪ್ಪನ ಮುಖ ನೋಡಿದಳು. "ನಿಮಗೆಲ್ಲ ಅವನು ಮರೆತೇಹೋದ ಅಂದುಕೊಂಡಿದ್ದೆ," ಎಂದಳು. ಅಪ್ಪ ಕೈ ತೊಳೆಯಲು ಎದ್ದುಹೋದರು. ನಲ್ಲಿ ತುಂಬಾ ಹೊತ್ತು ಹರಿಯಿತು.

ಮಾರನೆಯ ದಿನ ಬೆಳಿಗ್ಗೆ ಮೂವರೂ ಸೇರಿ ಗಿಡವನ್ನು ಡ್ರಮ್ಮಿನಿಂದ ಎಬ್ಬಿಸಿದೆವು. ಕೊಳೆತ ನಾತ. ಬೇರು ಕಪ್ಪಾಗಿತ್ತು, ಬೆರಳಲ್ಲಿ ಎಳೆದರೆ ಸಿಪ್ಪೆ ಕಿತ್ತು ಕೈಗೆ ಬರುತ್ತಿತ್ತು. ಅಪ್ಪ ಕಾಂಡ ಹಿಡಿದುಕೊಂಡರು, ಅಮ್ಮ ಕತ್ತರಿ ತಂದುಕೊಟ್ಟಳು, ನಾನು ಸತ್ತ ಬೇರನ್ನೆಲ್ಲ ಕತ್ತರಿಸಿದೆ. ಉಳಿದದ್ದು ಒಂದು ಹಿಡಿ. ಮೇಲೆ ಒಣಗಿದ ಕೊಂಬೆಗಳನ್ನೂ ತೆಗೆದೆ, ಗಂಟಿನಿಂದ ನಾಲ್ಕು ಬೆರಳು ಮೋಟು ಮಾತ್ರ ಬಿಟ್ಟೆ. ಚಿಕ್ಕ ಕುಂಡದಲ್ಲಿ ಒಣ ಕಪ್ಪು ಮಣ್ಣು ತುಂಬಿ ನೆಟ್ಟು, ನೆರಳಲ್ಲಿಟ್ಟೆ. ಇಪ್ಪತ್ತು ದಿನ ಯಾರೂ ಒಂದು ಹನಿ ನೀರೂ ಹಾಕಬಾರದು ಎಂದೆ. ಬದುಕುತ್ತಾ ಅಂತ ಅಮ್ಮ ಕೇಳಿದಳು. ನೋಡಬೇಕು ಎಂದೆ.

ಅದೊಂದೇ ಮದ್ದು, ನನಗೆ ಗೊತ್ತಿತ್ತು. ಆದರೆ ಆ ಮದ್ದು ಏನನ್ನು ಕಿತ್ತುಕೊಂಡಿತು ಅಂತ ನಾಲ್ಕೈದು ದಿನ ಹೋದ ಮೇಲೆ ಕಂಡಿತು. ಮಧ್ಯಾಹ್ನ ಅಮ್ಮ ಅಭ್ಯಾಸ ಬಲದಿಂದ ಲೋಟದಲ್ಲಿ ನೀರು ಹಿಡಿದುಕೊಂಡು ಹಿಂದಿನ ಬಾಗಿಲವರೆಗೆ ಬರುತ್ತಿದ್ದಳು. ಅಲ್ಲಿ ನೆನಪಾಗಿ, ಆ ನೀರನ್ನು ತಾನೇ ಕುಡಿದು ವಾಪಸು ಹೋಗುತ್ತಿದ್ದಳು. ಅಪ್ಪ ಸಂಜೆ ಐದಕ್ಕೆ ಮುಂದಿನ ಗೇಟಿನ ಹತ್ತಿರ ಸುಮ್ಮಸುಮ್ಮನೆ ಕೆಂಪು ಮಣ್ಣು ಅಗೆದು ಗುಡ್ಡೆ ಹಾಕುತ್ತಿದ್ದರು. ಏನಕ್ಕೆ ಅಂತ ಕೇಳಿದರೆ ಗೇಟಿನ ಕಂಬ ಅಲ್ಲಾಡ್ತಿದೆ ಎನ್ನುತ್ತಿದ್ದರು. ಕಂಬ ಗಟ್ಟಿಯಾಗಿಯೇ ಇತ್ತು. ನಾನು ಆರಕ್ಕೆ ಎಚ್ಚರವಾಗಿ, ಹಾಸಿಗೆಯ ಮೇಲೆ ಕೂತು ಗೋಡೆ ನೋಡುತ್ತಿದ್ದೆ.

ವಾರ ಮುಗಿದು ನರ್ಸರಿಗೆ ಹೋಗತೊಡಗಿದೆ. ಸಂಜೆ ಬಂದವಳು ಒಂದೊಂದು ದಿನ ಉಗುರಿನಿಂದ ಕಾಂಡದ ತೊಗಟೆ ಕೆರೆದು ನೋಡುತ್ತಿದ್ದೆ. ಒಳಗೆ ಹಸಿರಿದ್ದರೆ ಜೀವವಿದೆ, ಕಂದು ಇದ್ದರೆ ಇಲ್ಲ. ಹದಿನೈದನೇ ದಿನ ಗಂಟಿನ ಮೇಲೆ ಎಲ್ಲಿ ಕೆರೆದರೂ ಕಂದು. ಗಂಟಿನ ಕೆಳಗೆ ಹಸಿರು. ಕಿತ್ತಳೆ ಸತ್ತಿತ್ತು, ಕಾಡುನಿಂಬೆ ಬದುಕಿತ್ತು. ನೋಡಿ, ಕೈ ತೊಳೆದುಕೊಂಡು, ಊಟಕ್ಕೆ ಕೂತೆ. ಯಾರಿಗೂ ಹೇಳಲಿಲ್ಲ. ಹೇಳಬಾರದು ಅಂತಲ್ಲ, ನನಗೇ ಅದು ಇನ್ಯಾರದೋ ಚೀಲದಲ್ಲಿ ಬಂದ ಕಡ್ಡಿಯ ಹಾಗೆ ಅನ್ನಿಸಿತು.

ಇಪ್ಪತ್ಮೂರನೇ ದಿನ ನಾನು ಕೆಲಸದಿಂದ ಬರುವಷ್ಟರಲ್ಲಿ ಅಮ್ಮ ಗೇಟಿನಲ್ಲೇ ನಿಂತಿದ್ದಳು. ಬಾ ಬಾ ಅಂತ ಚೀಲ ಕೂಡ ಇಳಿಸಲು ಬಿಡದೆ ಹಿತ್ತಲಿಗೆ ಎಳೆದುಕೊಂಡು ಹೋದಳು. ಅಪ್ಪ ಕುಂಡದ ಮುಂದೆ ಸ್ಟೂಲು ಹಾಕಿಕೊಂಡು ಕೂತಿದ್ದರು. ಹೆಸರುಕಾಳಿನಷ್ಟು ಎರಡು ಎಲೆ, ಕಿರುಬೆರಳಿನಷ್ಟು ಚಿಗುರು.

ಅಮ್ಮ ಮಾತಾಡಿದ್ದೇ ಮಾತಾಡಿದ್ದು. ಆರು ಸಲ ಒಣಗಿದಾಗ ಅವನು ಅನ್ನ ಬಿಟ್ಟಿದ್ದು, ಏಳನೆಯದು ಹಿಡಿದ ದಿನ ಅವಳನ್ನು ಎತ್ತಿ ಸುತ್ತು ತಿರುಗಿಸಿ ಸೊಂಟ ಹಿಡಿಸಿದ್ದು, ಅಕ್ಕಿ ತೊಳೆದ ನೀರಿಗೆ ಜಗಳ ಆಡಿದ್ದು. ಅಪ್ಪ ನಕ್ಕರು. ನಿನ್ನ ಸೊಂಟ ಮೊದಲೇ ಹಿಡಿದಿತ್ತು, ಅವನ ಮೇಲ್ಯಾಕೆ ಹಾಕ್ತೀಯ ಎಂದರು. ಆ ಮನೆಯಲ್ಲಿ ನಗು ಕೇಳಿ ಎಷ್ಟು ದಿನವಾಗಿತ್ತೆಂದರೆ, ನನಗೆ ಅದು ಪಕ್ಕದ ಮನೆಯದಿರಬೇಕು ಅನ್ನಿಸಿತು.

ನಾನು ಬಗ್ಗಿ ನೋಡಿದೆ. ಚಿಗುರು ಗಂಟಿಗಿಂತ ಒಂದು ಬೆರಳು ಕೆಳಗಿತ್ತು. ಬುಡದಲ್ಲಿ ಕಾಡುನಿಂಬೆಯ ಉದ್ದ ಮುಳ್ಳು.

"ಇದು ಅವನು ಕಟ್ಟಿದ್ದೇ ತಾನೆ?" ಎಂದಳು ಅಮ್ಮ.

ದಿನಕ್ಕೆ ಹತ್ತು ಜನಕ್ಕೆ ಹೇಳುವ ಮಾತು. ಟೀಚರಿಗೆ ಕಣ್ಣು ಮಿಟುಕಿಸದೆ ಹೇಳಿದ ಮಾತು. ನಾಲಿಗೆಯ ತುದಿಗೆ ಬಂತು, ಆದರೆ ಆಚೆ ಬರಲಿಲ್ಲ. ಗಂಟಲು ನೋಯಿತು. ನಿಜವಾಗಿ ನೋಯಿತು, ಮುಟ್ಟಿ ನೋಡಿಕೊಂಡೆ.

"ಹೂಂ ಅಮ್ಮ, ಅವನದೇ," ಎಂದೆ.

ಇನ್ನು ನೀರು ಹಾಕಬಹುದು, ಮೂರು ದಿನಕ್ಕೊಮ್ಮೆ ಒಂದು ಲೋಟ, ಒಬ್ಬರೇ ಎಂದೆ. ಸರದಿ ಮಾಡಿಕೊಂಡೆವು. ಮೊದಲು ಅಪ್ಪ, ಆಮೇಲೆ ಅಮ್ಮ, ಆಮೇಲೆ ನಾನು. ಮೊದಲ ನೀರು ನಾಳೆ ಬೆಳಿಗ್ಗೆ. ಅವರು ಒಳಗೆ ಹೋದ ಮೇಲೆ ಕುಂಡದ ಮುಂದೆ ಕೂತೆ. ಕುಂಡ ತುಂಬಿಸಿ ಮಣ್ಣಿನ ಚೀಲದಲ್ಲಿ ಉಳಿದಿದ್ದ ಕಪ್ಪು ಮಣ್ಣನ್ನು ತಂದು ಕಾಂಡದ ಸುತ್ತ ಏರಿಸಿದೆ. ಚಿಗುರು ಎಲ್ಲಿಂದ ಬಂತು ಅಂತ ಯಾರಿಗೂ ಕಾಣಬಾರದು. ಇದ್ದದ್ದು ಒಂದೇ ಬೊಗಸೆ. ಚಿಗುರಿನ ಬುಡ ಮುಚ್ಚಿತು, ಗಂಟಿನ ನೆತ್ತಿ ಇನ್ನೂ ಇಣುಕುತ್ತಿತ್ತು. ನಾಳೆ ನರ್ಸರಿಯಿಂದ ಮಣ್ಣು ತರೋಣ ಅಂತ ಎದ್ದೆ. ಬೇರೆ ಯಾರಾದರೂ ಹೀಗೆ ಮಾಡಿದ್ದರೆ ಹಿಂದಿನ ಹಲಗೆ ತೋರಿಸಿ ಓದಿ ಅನ್ನುತ್ತಿದ್ದೆ.

ಬೆಳಿಗ್ಗೆ ಆರಕ್ಕೆ ಎದ್ದು ಹೋಗಿ ನೋಡಿದೆ. ಗಂಟು ಕಾಣಲಿಲ್ಲ.

ನಾನು ಏರಿಸಿದ ಕಪ್ಪು ಮಣ್ಣಿನ ಮೇಲೆ ಒಂದು ಪದರ ಕೆಂಪು ಮಣ್ಣಿತ್ತು, ಗೇಟಿನ ಹತ್ತಿರದ್ದು. ಅಪ್ಪನಿಗೆ ಗೊತ್ತಿತ್ತು. ಅವನು ಕಸಿ ಕಟ್ಟುವಾಗ ಪಕ್ಕದಲ್ಲಿ ಕೂತು ದಾರ ಹಿಡಿದುಕೊಟ್ಟವರು ಅವರೇ. ಆ ಕೆಂಪು ಮಣ್ಣಿನ ಮೇಲೆ ಇನ್ನೊಂದು ಹಿಡಿ, ಹಳೇ ಡ್ರಮ್ಮಿನ ಮಣ್ಣು. ಅದನ್ನು ಹಾಕಿದವರು ಸಡಿಲ ಬಿಟ್ಟಿರಲಿಲ್ಲ, ಸುತ್ತಲೂ ಒತ್ತಿ ಒತ್ತಿ ಗಟ್ಟಿ ಮಾಡಿದ್ದರು. ಒತ್ತಿದ ಕಡೆಯೆಲ್ಲ ದುಂಡನೆಯ ಗುರುತು, ಸ್ಟೀಲ್ ಲೋಟದ ತಳದ್ದು.

ನಾನು ಅಲ್ಲೇ ಕುಕ್ಕರುಗಾಲಲ್ಲಿ ಕೂತೆ. ಅಳು ಬಂತು. ಎಲ್ಲಿತ್ತೋ, ಮೂಗು ಬಾಯಿ ಕಣ್ಣು ಎಲ್ಲ ಕಡೆಯಿಂದ ಬಂತು. ಸದ್ದು ಕೇಳಿಸಬಾರದು ಅಂತ ಸೆರಗು ಬಾಯಿಗೆ ಒತ್ತಿಕೊಂಡೆ.

ಒಳಗೆ ಅಡುಗೆಮನೆಯ ದೀಪ ಹತ್ತಿತು. ಇವತ್ತಿನ ನೀರು ಯಾರದು ಅಂತ ಅಮ್ಮ ಅಲ್ಲಿಂದಲೇ ಕೇಳಿದಳು.

"ಅಪ್ಪಂದು," ಎಂದೆ.