ಏಳನೇ ನಂಬರ್ ಮಷೀನಿನ ಬ್ಯಾಕ್‌ಸ್ಪೇಸ್

ಕೊಟ್ಟೂರಿನ ಸಮಸ್ತ ನಾಗರಿಕರಿಗೆ ಈ ಮೂಲಕ ತಿಳಿಯಪಡಿಸುವುದೇನೆಂದರೆ, ೧೯೯೭ರ ಜೂನ್ ತಿಂಗಳ ಒಂದು ಶುಭ ಗುರುವಾರ ಬೆಳಿಗ್ಗೆ, ಬಸ್‌ಸ್ಟ್ಯಾಂಡ್ ಎದುರಿನ ಟೈಪಿಂಗ್ ಕ್ಲಾಸಿನ ಏಳನೇ ನಂಬರ್ ಮಷೀನಿನ ಬ್ಯಾಕ್‌ಸ್ಪೇಸ್ ಕೀಲಿಗೆ ಎರಡು ಹನಿ ಎಣ್ಣೆ ಬಿಡಲಾಯಿತು.

ಬಿಟ್ಟವನು ಅಲ್ಲಿ ಕಲಿಯುತ್ತಿದ್ದ ಗುರುಶಾಂತ. ಹೆಸರಲ್ಲಿ ಗುರುವೂ ಉಂಟು, ಶಾಂತಿಯೂ ಉಂಟು. ಆದರೆ ಗುರುವಾದ ಅರ್ಚನಾ ಮೇಡಂ ಎದುರು ಬಂದರೆ ಶಾಂತಿ ಊರು ಬಿಡುತ್ತಿತ್ತು. ಹರಪನಹಳ್ಳಿ ಕಡೆಯ ಅರಸೀಕೆರೆಯಿಂದ ದಿನಾ ಬಸ್ಸಿಗೆ ಬಂದು ಕಲಿಸುವ, ಅವನ ವಾರಿಗೆಯವಳೇ ಆದ, ಕೆಂಪು ಪೆನ್ನಿನ ಮೇಡಂ. ಬರುವ ಭಾನುವಾರ ಹಡಗಲಿಯಿಂದ ಗಂಡಿನ ಕಡೆಯವರು ಅವಳನ್ನು ನೋಡಲು ಬರುವವರಿದ್ದರಂತೆ. ಅವನಿಗೆ ಉಳಿದದ್ದು ಮೂರು ದಿನ. ಅವಳೆದುರು ಬಾಯಿಗೆ ಬರುತ್ತಿದ್ದದ್ದು ಮೂರು ಅಕ್ಷರವೂ ಅಲ್ಲ.

ಎಣ್ಣೆ ಬಿಡುವಾಗ ಮೊಣಕೈ ತಾಗಿ ಚಹಾದ ಗ್ಲಾಸು ಹಾಳೆಯ ಮೇಲೆ ಉರುಳಿತು. ಗಾಬರಿಯಲ್ಲಿ ಬೆರಳು ಬ್ಯಾಕ್‌ಸ್ಪೇಸ್ ಒತ್ತಿತು. ಟಕ್.

ಚೆಲ್ಲಿದ ಚಹಾ ದಾರವಾಗಿ ಮೇಲೆದ್ದು ಗ್ಲಾಸಿಗೆ ಮರಳಿತು. ಕಿಟಕಿಯಾಚೆ ಹರಪನಹಳ್ಳಿ ಬಸ್ಸು ತಾನು ಬಿಟ್ಟ ಹೊಗೆಯನ್ನು ತಾನೇ ನುಂಗುತ್ತ ಹಿಂದಕ್ಕೆ ಬಂತು. ಹಾರಿಹೋಗಿದ್ದ ಪಾರಿವಾಳಗಳು ಬಾಲ ಮುಂದಾಗಿ ಬಂದು ತಗಡಿನ ಮೇಲೆ ಕೂತವು. ಗೋಡೆಯ ಗಡಿಯಾರ ಒಂದು ನಿಮಿಷ ಹಿಂದೆ! ಗುರುಶಾಂತನಿಗೆ ಅರ್ಥವಾಯಿತು: ಜಗತ್ತಿನ ಜುಟ್ಟು ತನ್ನ ಕಿರುಬೆರಳಿಗೆ ಸಿಕ್ಕಿದೆ. ಹಾಳೆಯ ಮೇಲೆ ಚಹಾದ ಕಲೆ ಮಾತ್ರ ಹಾಗೇ ಉಳಿದಿತ್ತು. ಅಂಥ ಬೆರಗಿನಲ್ಲಿ ಕಲೆಯನ್ನು ಯಾರು ಕೇಳುತ್ತಾರೆ?

ಅರ್ಚನಾ ಒಳಗೆ ಬಂದಳು.

"ಮೇಡಂ, ನಮ್ಮನ್ಯಾಗ ಎಮ್ಮಿ ಈದೈತ್ರಿ. ಗಿಣ್ಣ ತಂದೀನಿ."

ಛೇ, ಪ್ರೇಮಕ್ಕೆ ಎಮ್ಮೆಯೇ? ಟಕ್. ಅವಳು ಮತ್ತೆ ಬಾಗಿಲಿನಿಂದ ಬಂದಳು.

"ನೀವು ಹುಣ್ಣಿಮಿ ಚಂದ್ರ ಇದ್ದಂಗ ಅದೀರಿ."

ನಾಟಕ ಹೆಚ್ಚಾಯಿತು. ಟಕ್.

"ನಂಗ ಎರಡೆಕರಿ ನೀರಾವರಿ ಐತ್ರಿ."

ಸಂತೆಯ ಮಾತಾಯಿತು. ಟಕ್. ಪ್ರತಿ ಸಲವೂ ಬಸ್ಸು ಹಿಂದೆ, ಪಾರಿವಾಳ ಹಿಂದೆ. ತನ್ನಂಥವನಿಗಾಗಿ ಸೂರ್ಯನೇ ಹೆಜ್ಜೆ ಹಿಂದಿಡುತ್ತಿದ್ದಾನಲ್ಲ ಎಂದು ಅವನು ಬೀಗಿದ. ಹನ್ನೊಂದನೇ ಸಲ ಮಾತು ಮುತ್ತಿನಂತೆ ಬಂತು.

"ಅರ್ಚನಾ ಅವರೆ, ಭಾನುವಾರ ಹಡಗಲಿಯವರು ಬರೋಕಿಂತ ಮೊದ್ಲ, ನಮ್ಮವ್ವನ್ನ ಕರ್ಕೊಂಡು ನಾ ಬರ್ಲೇನ್ರಿ?"

ಅವಳು ಮಷೀನಿನಿಂದ ಹಾಳೆ ಎಳೆದುಕೊಂಡು ಕೆಂಪು ಪೆನ್ನು ತೆಗೆದಳು.

"ಗಿಣ್ಣ ಎಲ್ಲೈತಿ?"

"ಯಾ... ಯಾವ ಗಿಣ್ಣ ರೀ?"

"ಮೊದಲ್ನೇ ಸಲ ಅಂದ್ರಲ್ಲ. ಆಮ್ಯಾಲ ಚಂದ್ರ ಅಂದ್ರಿ, ಎರಡೆಕರಿ ಅಂದ್ರಿ. ನಂಗ ಹನ್ನೊಂದೂ ಕೇಳ್ಯಾವ. ಬ್ಯಾಕ್‌ಸ್ಪೇಸ್ ಒತ್ತಿದ್ರ ಕ್ಯಾರೇಜ್ ಹಿಂದಕ್ಕ ಹೋಗ್ತತಿ ಅಷ್ಟ, ಹೊಡದಿದ್ದು ಅಳಸಂಗಿಲ್ಲ. ಕ್ಲಾಸಿಗೆ ಸೇರಿದ ದಿನಾನ ಹೇಳಿದ್ದಿಲ್ಲೇನು?"

ಗುರುಶಾಂತ ಚಹಾದ ಕಲೆಯನ್ನೇ ನೋಡಿದ. ಕಲೆ ಅವನನ್ನು ನೋಡಿತು.

"ಹಡಗಲಿಯವರಿಗೆ ಬರಬ್ಯಾಡ್ರಿ ಅಂತ ನಮ್ಮಪ್ಪನ ಕಡಿಂದ ನಿನ್ನೇನ ಹೇಳಿಸೀನಿ," ಎಂದಳು ಅರ್ಚನಾ.

"ಹಂಗಾದ್ರ ನಾ...?"

"ಆ ಗಿಣ್ಣಕ್ಕ ಹೂಂ ಅನ್ನಾಕಿ ಇದ್ದೆ. ನೀವು ಅದರ ಮ್ಯಾಲ ಮತ್ತ ಹತ್ತು ಹೊಡದ್ರಿ. ಹೊಡದಿದ್ದರ ಮ್ಯಾಲ ಹೊಡದ್ರ ತಪ್ಪು. ರೂಲ್ ಐತಿ."

ಹತ್ತು ಕೆಂಪು ಗೀಟು ಎಳೆದು, ಕೆಳಗೆ 'ಫೇಲ್' ಎಂದು ಬರೆದು, ಹಾಳೆಯನ್ನು ಅವನ ಕೈಗಿತ್ತಳು.

"ಮುಂದಿನ ಪರೀಕ್ಷಿ ಜನವರಿಗೈತಿ. ಮತ್ತ ಕಟ್ರಿ. ಗಿಣ್ಣದ ಡಬ್ಬಿ ಮಾತ್ರ ಇವತ್ತ ಕೊಡ್ರಿ."