ಕೊಕ್ಕೆ ಮೇಡಂ ಮಾಡಿದ ಫೋನು

ಕೆಲಸ ಹೋದ ಮೇಲೆ ಕೊಕ್ಕೆ ಮೇಡಂ ಲ್ಯಾಪ್‌ಟಾಪ್ ಮುಂದೆ ಕೂತು ಮಾಡುತ್ತಿದ್ದದ್ದು ಒಂದೇ, ತನ್ನ ಪೋಸ್ಟಿಗೆ ಎಷ್ಟು ಲೈಕ್ ಬಂತೆಂದು ನೋಡುವುದು. ಸಾಫ್ಟ್‌ವೇರ್ ಟೆಸ್ಟರ್ ಅವಳು. ಬೇರೆಯವರು ಬರೆದ ಪ್ರೋಗ್ರಾಮಿನಲ್ಲಿ ತಪ್ಪು ಹುಡುಕಿ ವಾಪಸ್ ಕಳಿಸುವುದೇ ಕಸುಬು. ಎಲ್ಲದಕ್ಕೂ ಕೊಕ್ಕೆ ಹಾಕುತ್ತಾಳೆಂದು ಆಫೀಸಿನವರಿಟ್ಟ ಹೆಸರು ಅಂಟಿಕೊಂಡುಬಿಟ್ಟಿತ್ತು. ಅವಳಿಗೂ ಅದು ಗೊತ್ತಿತ್ತು, ಒಳಗೊಳಗೇ ಹೆಮ್ಮೆಯೂ ಇತ್ತು.

ನಗುಮುಖದ ಫೋಟೊ ಹಾಕಿ ‘ಕೆಲಸ ಹುಡುಕುತ್ತಿದ್ದೇನೆ’ ಎಂದು ಬರೆದದ್ದಕ್ಕೆ ಲೈಕುಗಳು ಬಂದವು, ‘ಆಲ್ ದಿ ಬೆಸ್ಟ್’ಗಳು ಬಂದವು. ಕೆಲಸ ಮಾತ್ರ ಬರಲಿಲ್ಲ. ಈ ತಿಂಗಳು ಕಳೆಯುವುದರೊಳಗೆ ಏನೂ ಆಗದಿದ್ದರೆ ಈ ಲೈನಿಗೇ ದೊಡ್ಡ ನಮಸ್ಕಾರ ಹಾಕಿ, ಗಂಡನ ಗೆಳೆಯನ ಫರ್ನಿಚರ್ ಅಂಗಡಿಗೆ ಬಿಲ್ ಬರೆಯಲು ಹೋಗುವುದೆಂದು ಮನೆಯಲ್ಲಿ ಹೇಳಿಯೂ ಆಗಿತ್ತು. ಹೇಳಿದವಳು ಬಚ್ಚಲುಮನೆಗೆ ಹೋಗಿ ನಲ್ಲಿ ತಿರುಗಿಸಿ ಅತ್ತಿದ್ದಳು. ತಪ್ಪು ಹುಡುಕುವುದೆಂದರೆ ಅವಳಿಗೆ ಅಷ್ಟು ಇಷ್ಟ, ಪಾಪ.

ನಾದಿನಿ ಆಸ್ಪತ್ರೆಯಲ್ಲಿ ನರ್ಸು. ಡ್ಯೂಟಿ ಮುಗಿಸಿ ಬಂದವಳು ಚಪ್ಪಲಿ ಬಿಡುತ್ತಲೇ ಕೇಳಿದಳು, “ಅತ್ತಿಗೆ, ಇವತ್ತಾದ್ರೂ ಯಾರಿಗಾದ್ರೂ ಫೋನ್ ಮಾಡಿದ್ರಾ?”

“ಯಾರಿಗೆ ಮಾಡ್ಲಿ? ಒಬ್ಬೊಬ್ರ ಕೆಲಸಾನೂ ವಾಪಸ್ ಕಳಿಸಿದೀನಿ.”

“ಎಲ್ರಿಗಿಂತ ಜಾಸ್ತಿ ಯಾರದ್ದು ಕಳಿಸಿದ್ರಿ?”

“ಆತುರಪ್ಪಂದು. ಏನು ಕೊಟ್ರೂ ಗಡಿಬಿಡೀಲಿ ಬರೆದು ಬಿಸಾಕ್ತಿದ್ದ. ಈಗ ಬೇರೆ ಕಂಪನೀಲಿ ಇದಾನೆ.”

“ಹಾಗಾದ್ರೆ ಅವರಿಗೇ ಮಾಡಿ. ನಿಮ್ಮ ಕೆಲಸ ಅವರಷ್ಟು ನೋಡಿದವರು ಇನ್ಯಾರಿದ್ದಾರೆ?”

ಟೆಸ್ಟರ್ ಬುದ್ಧಿ ಎಲ್ಲಿ ಬಿಟ್ಟೀತು? ಫೋನ್ ಎತ್ತದಿದ್ದರೆ ಏನು, ಗುರುತು ಹಿಡಿಯದಿದ್ದರೆ ಏನು, ‘ಮೀಟಿಂಗಲ್ಲಿದೀನಿ’ ಎಂದು ಜಾರಿಕೊಂಡರೆ ಏನು ಎಂದು ಮನಸ್ಸಿನಲ್ಲೇ ಎಲ್ಲವನ್ನೂ ಪರೀಕ್ಷಿಸಿ, ಬಾಲ್ಕನಿಯಲ್ಲಿ ಒಣಗುತ್ತಿದ್ದ ಬಟ್ಟೆಗಳ ನಡುವೆ ನಿಂತು ನಂಬರ್ ಒತ್ತಿದಳು.

“ಹೇಳಿ ಮೇಡಂ,” ಎಂದ ಆತುರಪ್ಪ. ಅವನು ಅವಳ ನಂಬರನ್ನು ಅಳಿಸಿರಲೇ ಇಲ್ಲ.

ಹೀಗೂ ಆಗಬಹುದೆಂದು ಅವಳು ಯೋಚಿಸಿರಲಿಲ್ಲ. ತಡಬಡಾಯಿಸಿದಳು. “ನನ್ನ ಕೆಲಸ ಹೋಗಿದೆ. ನಿಮ್ಮಲ್ಲಿ ಏನಾದ್ರೂ…”

“ಪೋಸ್ಟ್ ನೋಡ್ದೆ ಮೇಡಂ. ಲೈಕೂ ಮಾಡ್ದೆ. ಅಷ್ಟು ಜನ ನೋಡಿದಾರಲ್ಲ, ಯಾರಾದ್ರೂ ಕರೆದಿರ್ತಾರೆ ಅಂದ್ಕೊಂಡೆ. ನಾನೇ ಫೋನ್ ಮಾಡ್ಬೇಕಿತ್ತು.”

“ನಿಮಗೆ ನನ್ನ ಮೇಲೆ ಕೋಪ ಇರುತ್ತೆ ಅಂತ…”

“ಬರ್ತಿತ್ತು ಕೋಪ. ಆದ್ರೆ ಒಂದ್ಸಲ ಗಿರಾಕಿಗಳ ಫೋನ್ ನಂಬರೆಲ್ಲ ಹೊರಗೆ ಕಾಣೋ ಹಾಗೆ ಎಡವಟ್ಟು ಮಾಡಿದ್ದೆ, ನೆನಪಿದೆಯಾ? ಬೇರೆಯವರಾಗಿದ್ರೆ ಗ್ರೂಪಿಗೆ ಹಾಕಿ ನನ್ನ ಮಾನ ಹರಾಜು ಹಾಕ್ತಿದ್ರು. ನೀವು ನನ್ನ ಕುರ್ಚಿ ಹತ್ರ ಬಂದು ಮೆಲ್ಲಗೆ ಹೇಳಿದ್ರಿ. ಮೊದಲು ಸರಿಮಾಡಿ, ಆಮೇಲೆ ಇಬ್ರೂ ಹೋಗಿ ಬಾಸ್‌ಗೆ ಹೇಳೋಣ ಅಂದ್ರಿ.”

ಅವಳಿಗೆ ನೆನಪಿರಲಿಲ್ಲ. ಎಲ್ಲರಿಗೂ ಹಾಗೇ ಹೇಳುತ್ತಿದ್ದಳು. ಬೇರೆಯವರ ತಪ್ಪನ್ನು ಒಂದು ದಿನವೂ ಬೀದಿಗೆ ತರದವಳು, ತನ್ನ ಕಷ್ಟವನ್ನು ಊರಿಗೆಲ್ಲ ಸಾರಿ, ಹೇಳಬೇಕಾದವರಿಗೆ ಮಾತ್ರ ಹೇಳದೆ ಕೂತಿದ್ದೆನಲ್ಲ ಎಂದು ನಗು ಬಂತು. ಹಿಂದೆಯೇ ಅಳುವೂ ಬಂತು.

“ನಮಗೆ ಟೆಸ್ಟರ್ ಬೇಕು ಮೇಡಂ. ಇನ್ನೂ ಎಲ್ಲೂ ಜಾಹೀರಾತು ಹಾಕಿಲ್ಲ. ನಾಳೆ ಬನ್ನಿ. ಕೊಡೋದು ಬಿಡೋದು ನಮ್ಮ ಮ್ಯಾನೇಜರಿಗೆ ಬಿಟ್ಟಿದ್ದು. ನಾನು ಕಂಡಿದ್ದನ್ನ ಹೇಳ್ತೀನಿ ಅಷ್ಟೆ.”

ಮರುದಿನ ಆತುರಪ್ಪನ ಕಂಪನಿಯ ಮೀಟಿಂಗ್ ರೂಮಿನಲ್ಲಿ ತಂಡದವರೆಲ್ಲ ಕೂತಿದ್ದರು. ಮ್ಯಾನೇಜರಮ್ಮ ತಮ್ಮ ಹೊಸ ಆ್ಯಪ್ ತೆರೆದ ಫೋನನ್ನು ಅವಳ ಕೈಗಿಟ್ಟು, ತಪ್ಪೇನಾದರೂ ಕಂಡರೆ ಹೇಳಿ ಎಂದರು. ಬೇಗನೇ ಕಂಡಿತು, ಅದೂ ದೊಡ್ಡದೇ.

“ಇದನ್ನ ಬರೆದವರು ಯಾರು?” ಅಭ್ಯಾಸಬಲದಿಂದ ಕೇಳಿದಳು.

ಕೊನೆಯಲ್ಲಿ ಕೂತಿದ್ದ ಹೆಂಗಸೊಬ್ಬಳು ಮುದುಡಿಕೊಂಡೇ ಕೈಯೆತ್ತಿದಳು. ಕೊಕ್ಕೆ ಮೇಡಂ ಎದ್ದು, ಮೇಜು ಸುತ್ತಿ ಹೋಗಿ, ಅವಳ ಕುರ್ಚಿಯ ಪಕ್ಕ ಬಗ್ಗಿ ಮೆಲ್ಲಗೆ ಹೇಳತೊಡಗಿದಳು.

ಆತುರಪ್ಪ ಮ್ಯಾನೇಜರಮ್ಮನ ಮುಖ ನೋಡಿದ. ಅವರು ಮಾತು ಮುಗಿಯುವವರೆಗೂ ಕಾದು ಕೇಳಿದರು, “ಸೋಮವಾರದಿಂದ ಬರೋಕಾಗುತ್ತಾ?”